ಜರ್ಬಿಲ್‌ಗೆ ಬಿಲ ತೋಡಲು ಜಾಗ: ಕರಾವಳಿಯಲ್ಲಿ ಸಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯ ನಮ್ಮ ಮನೆಯಲ್ಲಿ ಇಲಿಯಂಥ ಪುಟ್ಟ ಸಾಕುಪ್ರಾಣಿಗಳಾದ ಜರ್ಬಿಲ್‌ಗಳು ಆರು ಮಳೆಗಾಲ ಕಂಡಿವೆ. ಒಂದೇ ಜೋಡಿ ಅಲ್ಲ, ಒಂದರ ನಂತರ ಒಂದರಂತೆ ಎರಡು ಜೋಡಿ. ಮಂಗಳೂರು, ಮಣಿಪಾಲ, ಕುಂದಾಪುರ ಕಡೆಯ ಸಾಕುವವರು ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಹೊರದೇಶದವರು ಕೊಡುವ ಸಲಹೆಗಳು ಒಳ್ಳೆಯವೇ. ಆದರೆ ಅವು ಒಣ ಹವೆಯ ಊರುಗಳಿಗೆ ಹೇಳಿದ್ದು. ನಮ್ಮಲ್ಲಿ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಬರುತ್ತದೆ. ಅಂಥ ಕಡೆ ಮರುಭೂಮಿಯ ಅಂಚಿನ ಪ್ರಾಣಿಯನ್ನು ಇಟ್ಟುಕೊಳ್ಳುವವರು ಎರಡು ಸಂಗತಿ ಗಟ್ಟಿಯಾಗಿ ಹಿಡಿಯಬೇಕು: ಅದಕ್ಕೆ ಬರೀ ಕೆರೆಯಲು ಹುಡಿ ಸಾಲದು, ಒಳಗೆ ಹೊಕ್ಕು ಮಲಗಲು ಬಿಲ ಬೇಕು, ಆ ಬಿಲ ಒಣಗಿರಬೇಕು.

ಜರ್ಬಿಲ್ ಎಂದರೆ ಹ್ಯಾಮ್‌ಸ್ಟರ್ ತರಹದ್ದೇ ಅಲ್ಲವೇ?

ಅಲ್ಲ. ಅಂಗಡಿಯಲ್ಲಿ ಸಿಗುವುದು ಮಂಗೋಲಿಯನ್ ಜರ್ಬಿಲ್. ಉದ್ದ ಬಾಲ, ಬಾಲದ ತುದಿಗೆ ಕೂದಲಿನ ಕುಚ್ಚು, ಹಿಂಗಾಲು ಉದ್ದ. ಬೆಳೆದದ್ದು ಸಾಮಾನ್ಯವಾಗಿ 60ರಿಂದ 100 ಗ್ರಾಂ ತೂಗುತ್ತದೆ, ಮೂರರಿಂದ ನಾಲ್ಕು ವರ್ಷ ಬದುಕುತ್ತದೆ. ಹ್ಯಾಮ್‌ಸ್ಟರ್ ರಾತ್ರಿಯ ಪ್ರಾಣಿ. ಇದು ಹಗಲೂ ರಾತ್ರಿಯೂ ಸ್ವಲ್ಪ ಹೊತ್ತು ಓಡಾಡಿ ಸ್ವಲ್ಪ ಹೊತ್ತು ಮಲಗುತ್ತದೆ.

ಇದರ ಊರು ಮಂಗೋಲಿಯ ಮತ್ತು ಉತ್ತರ ಚೀನಾದ ಹುಲ್ಲುಗಾವಲು, ಅರೆ ಮರುಭೂಮಿ. ಇಂದು ಮನೆಗಳಲ್ಲಿರುವ ಹೆಚ್ಚಿನ ಜರ್ಬಿಲ್‌ಗಳ ಮೂಲ 1935ರಲ್ಲಿ ಜಪಾನಿನವರು ಹಿಡಿದು ತಂದ 20 ಜೋಡಿ. ಆ ವಂಶದ 11 ಜೋಡಿ 1954ರಲ್ಲಿ ಅಮೆರಿಕದ ಪ್ರಯೋಗಾಲಯಕ್ಕೆ ಹೋದವು, ಅಲ್ಲಿಂದ ಮನೆಗಳಿಗೆ ಹರಡಿದವು. ಅಷ್ಟು ತಲೆಮಾರು ಪೆಟ್ಟಿಗೆಯೊಳಗೇ ಹುಟ್ಟಿ ಬೆಳೆದರೂ ತೋಡುವ ಹಂಬಲ ಒಂದಿಷ್ಟೂ ಕಡಿಮೆ ಆಗಿಲ್ಲ. ಭಾರತದಲ್ಲೂ ಜರ್ಬಿಲ್ ಜಾತಿಯ ಇಲಿಗಳು ಉಂಟು: ರಾಜಸ್ಥಾನ, ಕಚ್ಛ್‌ನ ಮರಳಿನಲ್ಲಿ ಒಂದು, ಕರ್ನಾಟಕದ ಬಯಲುಸೀಮೆಯ ಹೊಲಗಳಲ್ಲಿ ಇನ್ನೊಂದು. ಅವು ಕಾಡುಪ್ರಾಣಿಗಳು, ಹಿಡಿದು ಸಾಕುವುದು ಬೇಡ.

ಪಂಜರದಲ್ಲಿ ಒಂದಿಷ್ಟು ಹೊಟ್ಟು ಹಾಕಿ ಸಾಕಿದರೆ ಸಾಲದೇ?

ಸಾಲದು. ಕಾಡಿನಲ್ಲಿ ಇವು ಕುಟುಂಬವಾಗಿ ಬದುಕುತ್ತವೆ. ನೆಲದಡಿ ಮೀಟರುಗಟ್ಟಲೆ ಸುರಂಗ, ಮಲಗುವ ಗೂಡು, ಕಾಳು ಕೂಡಿಡುವ ಕಣಜ, ಓಡಿಹೋಗಲು ಹಲವು ಬಾಯಿ. ಹೊರಗೆ ಚಳಿ ಸೊನ್ನೆಗಿಂತ ಎಷ್ಟೋ ಕೆಳಗೆ ಇಳಿದರೂ ಬೇಸಿಗೆಯಲ್ಲಿ ನೆಲ ಕಾದರೂ ಒಳಗಿನ ಹವೆ ಹೆಚ್ಚು ಏರುಪೇರಾಗುವುದಿಲ್ಲ. ಅಂದರೆ ಬಿಲ ಅದಕ್ಕೆ ಆಟದ ವಸ್ತು ಅಲ್ಲ, ಮನೆ. ತಂತಿ ಪಂಜರದ ಪ್ಲಾಸ್ಟಿಕ್ ತಟ್ಟೆಯಲ್ಲಿ ಎರಡು ಇಂಚು ಹೊಟ್ಟು ಹಾಕಿದರೆ ಅರ್ಧ ದಿನದಲ್ಲಿ ಎಲ್ಲ ಹೊರಗೆ ಚೆಲ್ಲಿ, ಆಮೇಲೆ ತಂತಿಯನ್ನೇ ಕಡಿಯುತ್ತಾ ಕೂರುತ್ತದೆ. ಮೂಗಿನ ಮೇಲಿನ ಕೂದಲು ಉದುರುತ್ತದೆ.

ಆಳವಾಗಿ ಹಾಸು ಹಾಕಿದ್ದೇನೆ. ಆದರೂ ಮೂಲೆಯ ಗಾಜನ್ನು ಕೆರೆಯುತ್ತಲೇ ಇರುತ್ತದೆ. ಯಾಕೆ?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದೇ. ಉತ್ತರವೂ ಸ್ವಲ್ಪ ಉದ್ದ.

ಗಾಜಿನ ಮೂಲೆಯಲ್ಲಿ ಮುಂಗಾಲಿನಿಂದ ಪಟಪಟ ಕೆರೆಯುವುದು, ನಿಲ್ಲಿಸುವುದು, ಮತ್ತೆ ಅದೇ ಜಾಗದಲ್ಲಿ ಕೆರೆಯುವುದು. ಇದನ್ನು ನೋಡಿದವರೆಲ್ಲ "ಪಾಪ, ಅಗೆಯಲು ಆಸೆ, ಇನ್ನಷ್ಟು ಹುಡಿ ಹಾಕುವ" ಎನ್ನುತ್ತಾರೆ. ನಾನೂ ಹಾಗೆಯೇ ಮಾಡಿದೆ, ಕೆರೆತ ನಿಲ್ಲಲಿಲ್ಲ. ಸ್ವಿಟ್ಜರ್ಲೆಂಡ್‌ನ ಕ್ರಿಸ್ಟೋಫ್ ವೀಡನ್‌ಮಾಯರ್ ಎಂಬ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನ ಕಣ್ಣು ತೆರೆಸಿತು. ಅವರು ಕೆಲವು ಮರಿಗಳಿಗೆ ಅಗೆಯಲು ಒಣ ಮರಳು ಕೊಟ್ಟರು. ಬೇರೆ ಮರಿಗಳಿಗೆ ಸುರಂಗ ಮತ್ತು ಅದರ ಕೊನೆಗೆ ಒಂದು ಗೂಡು ಇರುವ ಸಿದ್ಧ ಬಿಲ ಕೊಟ್ಟರು. ಮರಳು ಸಿಕ್ಕಿದ ಮರಿಗಳಿಗೆ ಮೂಲೆ ಕೆರೆಯುವ ಚಟ ಹತ್ತಿತು. ಬಿಲ ಸಿಕ್ಕಿದವುಗಳಿಗೆ ಹತ್ತಲಿಲ್ಲ. ಒಣ ಮರಳು ಜರಿಯುತ್ತದೆ, ಅದರಲ್ಲಿ ಎಷ್ಟು ತೋಡಿದರೂ ಬಿಲ ನಿಲ್ಲುವುದಿಲ್ಲ. ಜರ್ಬಿಲ್ ತೋಡುವುದನ್ನು ನಿಲ್ಲಿಸುವುದು ದಣಿದಾಗ ಅಲ್ಲ, ಬಿಲ ಸಿಕ್ಕಿದಾಗ.

ಹಾಗಾಗಿ ಮೂಲೆ ಕೆರೆಯುವ ಜರ್ಬಿಲ್ ಇದ್ದರೆ ಮೊದಲು ನೋಡಬೇಕಾದದ್ದು ಹಾಸಿನ ಎತ್ತರವನ್ನಲ್ಲ. ಅದು ತೋಡಿದ ಸುರಂಗ ಮರುದಿನ ಬೆಳಿಗ್ಗೆಯೂ ನಿಂತಿದೆಯೇ ನೋಡಿ. ನಿಂತಿಲ್ಲವಾದರೆ ಹಾಸಿನ ಮಿಶ್ರಣ ಸರಿ ಇಲ್ಲ. ಅಡಿಯಲ್ಲಿ ಕತ್ತಲಿನ ಗೂಡೊಂದು ಇದೆಯೇ, ಅದಕ್ಕೆ ಹೋಗಲು ತಿರುವು ಇರುವ ಸುರಂಗ ಇದೆಯೇ ನೋಡಿ. ಇಲ್ಲವಾದರೆ ನೀವೇ ಮಾಡಿಕೊಡಿ, ಹೇಗೆಂದು ಮುಂದೆ ಹೇಳಿದ್ದೇನೆ. ಒಂದು ಮಾತು ಮೊದಲೇ ತಿಳಿದಿರಲಿ: ಮರಿಯಾಗಿದ್ದಾಗಲೇ ಚಟ ಹತ್ತಿದ್ದರೆ ಒಳ್ಳೆಯ ಬಿಲ ಕೊಟ್ಟ ಮೇಲೂ ಅದು ಪೂರ್ತಿ ಹೋಗದಿರಬಹುದು. ನಮ್ಮ ಮೊದಲ ಜೋಡಿಯಲ್ಲಿ ಒಂದು, ಹೆಸರು ಬೆಲ್ಲ, ಕೊನೆಯವರೆಗೂ ಸಂಜೆ ಹೊತ್ತು ಸ್ವಲ್ಪ ಕೆರೆಯುತ್ತಿತ್ತು. ಅದಕ್ಕೆ ತೊಂದರೆ ಕೊಡದೆ ಬಿಟ್ಟೆವು.

ಎಷ್ಟು ದೊಡ್ಡ ತೊಟ್ಟಿ ಬೇಕು? ಎಷ್ಟು ಆಳ?

ಒಂದು ಜೋಡಿಗೆ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆಯಿಂದ ಎರಡು ಅಡಿ ಎತ್ತರದ ಗಾಜಿನ ತೊಟ್ಟಿ. ಹಾಸು 30 ಸೆಂಟಿಮೀಟರಿಗೆ ಕಡಿಮೆ ಬೇಡ, 40 ಆದರೆ ಇನ್ನೂ ಒಳ್ಳೆಯದು. ಎಲ್ಲ ಕಡೆ ಒಂದೇ ಎತ್ತರ ಇರಬೇಕೆಂದಿಲ್ಲ. ಒಂದು ತುದಿಯಲ್ಲಿ 40, ಇನ್ನೊಂದು ತುದಿಯಲ್ಲಿ 15 ಸೆಂಟಿಮೀಟರ್ ಮಾಡಿ ಇಳಿಜಾರು ಬಿಟ್ಟರೆ ಕೆಳಗಿನ ತುದಿಯಲ್ಲಿ ನೀರು, ಹೊಯ್ಗೆಯ (ಮರಳಿನ) ಬಟ್ಟಲು, ಓಡಲು ಚಕ್ರ ಇಡಬಹುದು.

ಅಂದಾಜಿಗೆ ಹೇಳುವುದಾದರೆ, ಮೂರು ಅಡಿಯ ತೊಟ್ಟಿಯಲ್ಲಿ ಒಂದು ಅಡಿ ಆಳಕ್ಕೆ ಸುಮಾರು 125 ಲೀಟರ್ ಹಾಸು ಹಿಡಿಯುತ್ತದೆ. ಒತ್ತಿ ತುಂಬಿಸುವುದರಿಂದ ಸಡಿಲ ಲೆಕ್ಕದಲ್ಲಿ ಅದಕ್ಕಿಂತ ಹೆಚ್ಚೇ ಬೇಕು. ಮೊದಲೇ ಕೂಡಿಹಾಕಿಕೊಳ್ಳಿ.

ಅಂಥ ತೊಟ್ಟಿಗೆ ತುಂಬಾ ಖರ್ಚಲ್ಲವೇ?

ಮೀನಿನ ತೊಟ್ಟಿ ಮಾಡುವವರ ಹತ್ತಿರ ಸೋರುವ ಹಳೆಯ ತೊಟ್ಟಿ ಬಿದ್ದಿರುತ್ತದೆ, ಕೇಳಿ. ನೀರು ನಿಲ್ಲಿಸುವುದು ಇಲ್ಲವಲ್ಲ, ಸೋರಿದರೆ ನಮಗೇನೂ ತೊಂದರೆ ಇಲ್ಲ. ಒಡೆದ ಅಂಚು ಮಾತ್ರ ಇರಬಾರದು. ಮುಚ್ಚಳವನ್ನು ವೆಲ್ಡಿಂಗ್ ಅಂಗಡಿಯಲ್ಲಿ ಅರ್ಧ ಇಂಚಿನ ವೆಲ್ಡ್‌ಮೆಶ್‌ನಲ್ಲಿ ಮಾಡಿಸಿ. ಮರಿಗಳಿದ್ದರೆ ಕಾಲು ಇಂಚಿನದು. ಮರದ ಚೌಕಟ್ಟು ಒಳಮುಖವಾಗಿದ್ದರೆ ಕಡಿದು ಹಾಕುತ್ತವೆ, ಕಬ್ಬಿಣದ್ದೇ ಆಗಲಿ. ಗಾಜಿನ ಮುಚ್ಚಳ ಖಂಡಿತ ಬೇಡ, ಒಳಗೆ ತೇವ ಕಟ್ಟುತ್ತದೆ.

ಒಳಗೆ ಏನು ತುಂಬಿಸಬೇಕು?

ಬಿಲ ನಿಲ್ಲಬೇಕಾದರೆ ಮಿಶ್ರಣದಲ್ಲಿ ಎರಡು ಗುಣ ಬೇಕು: ತುಂಬುವ ಮೆತ್ತಗಿನ ವಸ್ತು ಒಂದು, ಅದನ್ನು ಹೆಣೆದು ಹಿಡಿಯುವ ಉದ್ದ ಎಳೆ ಇನ್ನೊಂದು. ಹಳೆಯ ಮಣ್ಣಿನ ಗೋಡೆಗೆ ಹುಲ್ಲು ಕಲಸುತ್ತಿದ್ದರಲ್ಲ, ಅದೇ ಲೆಕ್ಕ. ನಮ್ಮ ಮನೆಯಲ್ಲಿ ಎರಡು ಪಾಲು ಚೂರು ಮಾಡಿದ ಕಾಗದ, ಒಂದು ಪಾಲು ಆಸ್ಪೆನ್ ಮರದ ಸುರುಳಿ, ಒಂದು ಪಾಲು ಒಣಹುಲ್ಲು.

ಕಾಗದಕ್ಕೆ ಆಫೀಸುಗಳ ಶ್ರೆಡರ್‌ನಲ್ಲಿ ಬೀಳುವ ಚೂರು ತುಂಬಾ ಒಳ್ಳೆಯದು. ಮಣಿಪಾಲ, ಮಂಗಳೂರಿನಲ್ಲಿ ಕಾಲೇಜುಗಳಿಗೇನು ಕಡಿಮೆ. ಸ್ಟೇಪ್ಲರ್ ಪಿನ್ ಇದ್ದರೆ ಒಂದೊಂದಾಗಿ ಹೆಕ್ಕಬೇಕು, ಅದರಲ್ಲಿ ಉದಾಸೀನ ಬೇಡ. ನುಣುಪು ಕಾಗದ, ಅಂಗಡಿಯ ಬಿಲ್ಲಿನ ಕಾಗದ ಬೇಡ. ಮೊಟ್ಟೆಯ ರಟ್ಟು, ಪಾರ್ಸೆಲ್ ರಟ್ಟನ್ನು ಟೇಪು ಕಿತ್ತು ಹಾಗೆಯೇ ಒಳಗೆ ಹಾಕಿ. ಚೂರು ಮಾಡುವ ಕೆಲಸವನ್ನು ಅವೇ ಸಂತೋಷದಿಂದ ಮಾಡುತ್ತವೆ.

ಹುಲ್ಲಿಗೆ ಸಾಕುಪ್ರಾಣಿ ಅಂಗಡಿಯ ಟಿಮೊಥಿ ಹೇ ಚೆನ್ನಾಗಿರುತ್ತದೆ, ಬೆಲೆ ಜಾಸ್ತಿ. ಬೈಹುಲ್ಲು ಬಳಸಬಹುದು, ಆದರೆ ಎಚ್ಚರಿಕೆಯಿಂದ. ಕುತ್ತರಿಯ (ಹುಲ್ಲಿನ ಮೆದೆಯ) ಅಡಿಯ ಹುಲ್ಲು ಬೇಡ, ಅಲ್ಲಿ ಇಲಿ ಓಡಾಡಿರುತ್ತದೆ. ನಮ್ಮ ಕರಾವಳಿಯಲ್ಲಿ ಇಲಿಜ್ವರ ಇರುವುದು ಎಲ್ಲರಿಗೂ ಗೊತ್ತು, ಅದು ಇಲಿಯ ಮೂತ್ರದಿಂದ ಬರುವಂಥದ್ದು. ಮೇಲಿನ, ಹಳದಿಯಾಗಿ ಒಣಗಿದ ಹುಲ್ಲನ್ನು ಮಾತ್ರ ತಂದು ನಾಲ್ಕು ದಿನ ಕಡು ಬಿಸಿಲಿಗೆ ಹರಡಿ ಒಣಗಿಸಿ, ಗೇಣುದ್ದಕ್ಕೆ ಕತ್ತರಿಸಿ. ಈಚೆಗೆ ಔಷಧಿ ಹೊಡೆದ ಗದ್ದೆಯದ್ದು ಬೇಡ. ಮುಳಿಹುಲ್ಲು ಗಡುಸು, ಅಂಚು ಹರಿತ, ಅದು ಮಾಡಿಗೇ ಇರಲಿ.

ಮರದ ಸುರುಳಿ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಸಾಮಿಲ್‌ನ ಮರದ ಹುಡಿ ಧೂಳು, ಮೂಗಿಗೆ ಶ್ವಾಸಕೋಶಕ್ಕೆ ಆಗದು. ತೇಗದ ಹುಡಿ ಮನುಷ್ಯರಿಗೇ ತುರಿಕೆ ತರುತ್ತದೆ. ಪೀಠೋಪಕರಣ ಮಾಡುವಲ್ಲಿ ಪ್ಲೈವುಡ್ಡಿನ ಅಂಟು ಬೆರೆತಿರುತ್ತದೆ. ದೇವದಾರಿನಂಥ ಪರಿಮಳದ ಮರವೂ ಬೇಡ. ಪ್ಯಾಕೆಟ್ಟಿನ ಆಸ್ಪೆನ್ ಸಿಗದಿದ್ದರೆ ಮರವನ್ನೇ ಬಿಟ್ಟು ಕಾಗದ, ಹುಲ್ಲು ಎರಡನ್ನೇ ಸಮಪಾಲಿಗೆ ಬೆರೆಸಿ. ಬಿಲ ಚೆನ್ನಾಗಿಯೇ ನಿಲ್ಲುತ್ತದೆ.

ಗೂಡಿನೊಳಗೆ ಹಾಸಿಕೊಳ್ಳಲು ಬಿಳಿ ಟಿಶ್ಯೂ ಕಾಗದ ಸಾಕು. ಹತ್ತಿ, ಬೂರುಗದ ಅರಳೆ, ಬಟ್ಟೆಯ ನೂಲು ಬೇಡವೇ ಬೇಡ. ಕಾಲಿಗೆ ಸುತ್ತಿಕೊಂಡರೆ ರಕ್ತ ನಿಂತು ಕಾಲೇ ಹೋಗುತ್ತದೆ.

ತೆಂಗಿನ ನಾರಿನ ಹುಡಿ ನಮ್ಮಲ್ಲಿ ಧಾರಾಳ ಸಿಗುತ್ತದಲ್ಲ?

ಸಿಗುತ್ತದೆ, ಗಿಡಗಳಿಗೆ ಅದು ಬಂಗಾರ. ನೀರು ಹಿಡಿದಿಡುವ ಗುಣಕ್ಕಾಗಿಯೇ ಅದನ್ನು ಗಿಡಕ್ಕೆ ಹಾಕುವುದು. ನಮ್ಮ ಗಾಳಿಯಿಂದಲೇ ಅದು ತೇವ ಹೀರುತ್ತದೆ. ಜರ್ಬಿಲ್ ತೊಟ್ಟಿಗೆ ಬೇಡ. ಭತ್ತದ ಉಮಿಯೂ ಬೇಡ: ಚುಚ್ಚುತ್ತದೆ, ಜರಿಯುತ್ತದೆ, ಸುರಂಗ ನಿಲ್ಲುವುದಿಲ್ಲ.

ಅಂಗಳದ ಮಣ್ಣು? ಮಲ್ಪೆಯ ಹೊಯ್ಗೆ?

ಮಣ್ಣಿನಲ್ಲಿ ತೋಡುವುದು ಅದಕ್ಕೆ ಸಹಜವೇ. ಆದರೆ ನಮ್ಮ ಕೆಂಪು ಮಣ್ಣು ಒದ್ದೆಯಾದರೆ ಕೆಸರು, ಒಣಗಿದರೆ ಕಲ್ಲು. ಒಂದು ಅಡಿ ಆಳಕ್ಕೆ ತುಂಬಿಸಿದರೆ ತೊಟ್ಟಿ ನೂರೈವತ್ತು ಕಿಲೋ ದಾಟುತ್ತದೆ, ಗಾಜು ತಡೆಯುವುದಿಲ್ಲ.

ಹೊಯ್ಗೆ ಬೇಕು, ಆದರೆ ಸ್ನಾನಕ್ಕೆ. ಜರ್ಬಿಲ್ ನೀರಿನಲ್ಲಿ ಮೀಯುವುದಿಲ್ಲ, ಹೊಯ್ಗೆಯಲ್ಲಿ ಹೊರಳಿ ಕೂದಲಿನ ಎಣ್ಣೆ ತೆಗೆದುಕೊಳ್ಳುತ್ತದೆ. ಸಮುದ್ರದ ಹೊಯ್ಗೆಯಲ್ಲಿ ಉಪ್ಪು ಇರುತ್ತದೆ, ಉಪ್ಪು ನೀರನ್ನು ಎಳೆಯುತ್ತದೆ, ಚಿಪ್ಪಿನ ಚೂರುಗಳೂ ಇರುತ್ತವೆ. ಹಾಗಾಗಿ ಮಲ್ಪೆ, ಪಣಂಬೂರಿನದ್ದು ಬೇಡ. ಹೊಳೆಯ ಹೊಯ್ಗೆಯನ್ನು ನೀರು ತಿಳಿಯಾಗುವವರೆಗೆ ತೊಳೆದು, ಜರಡಿ ಹಿಡಿದು, ಬಾಣಲೆಯಲ್ಲಿ ಚೆನ್ನಾಗಿ ಹುರಿದು, ಪೂರ್ತಿ ತಣಿದ ಮೇಲೆ ಪಿಂಗಾಣಿ ಬಟ್ಟಲಿನಲ್ಲಿ ಮೂರು ಸೆಂಟಿಮೀಟರ್ ಹಾಕಿಡಿ. ಅಂಗಡಿಯಲ್ಲಿ ಸಿಗುವ ನುಣ್ಣನೆಯ ಸ್ನಾನದ ಪುಡಿ ಶ್ವಾಸಕ್ಕೆ ಒಳ್ಳೆಯದಲ್ಲ. ಕೊಳ್ಳುವುದಾದರೆ ಮರಳೇ ಕೊಳ್ಳಿ.

ತುಂಬಿಸುವ ಕ್ರಮ ಹೇಗೆ?

ಮೊದಲು ಗೂಡು. ಗೇಣಗಲದ ಮರದ ಪೆಟ್ಟಿಗೆ, ಅಡಿ ಇಲ್ಲದ್ದು, ಒಂದು ಬದಿಯಲ್ಲಿ ಐದಾರು ಸೆಂಟಿಮೀಟರಿನ ತೂತು. ಅದನ್ನು ತೊಟ್ಟಿಯ ತಳಕ್ಕೇ ಕೂರಿಸಿ. ಮಣ್ಣಿನ ಮಡಕೆಯನ್ನು ಮಗುಚಿ ಬದಿಯಲ್ಲಿ ಕಿಂಡಿ ಮಾಡಿದರೂ ಆಗುತ್ತದೆ. ತೂತಿಗೆ ರಟ್ಟಿನ ಕೊಳವೆ ಸೇರಿಸಿ, ಅದು ಮುಗಿಯುವಲ್ಲಿ ಇನ್ನೊಂದು ಕೊಳವೆಯನ್ನು ಓರೆಯಾಗಿ ಮೇಲಕ್ಕೆ ಹೊರಳಿಸಿ. ಬೆಳಕು ನೇರವಾಗಿ ಗೂಡಿಗೆ ಬೀಳಬಾರದು, ಆ ತಿರುವು ಅದಕ್ಕೇ. ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತಿ ಬರುವ ದಪ್ಪ ರಟ್ಟಿನ ಕೊಳವೆ ಕೇಳಿದರೆ ಕೊಡುತ್ತಾರೆ. ದೊಡ್ಡ ಬಿದಿರಿನ ಗಂಟು ಒಡೆದ ತುಂಡೂ ಬಹಳ ದಿನ ಬಾಳುತ್ತದೆ. ಪಿವಿಸಿ ಪೈಪು ಬೇಡ, ಕಡಿದು ಚೂರು ನುಂಗಬಹುದು, ಒಳಗೆ ಬೆವರುತ್ತದೆ ಕೂಡ.

ಆಮೇಲೆ ಹಾಸನ್ನು ನಾಲ್ಕು ಬೆರಳಿನಷ್ಟು ಹಾಕಿ, ಅಂಗೈಯಿಂದ ಮೈಯ ಭಾರ ಬಿಟ್ಟು ಒತ್ತಿ. ಮೇಲೆ ತೆಳುವಾಗಿ ಹುಲ್ಲು, ಅಡ್ಡಡ್ಡ. ಮತ್ತೆ ಹಾಸು, ಮತ್ತೆ ಒತ್ತುವುದು. ಉಪ್ಪಿನಕಾಯಿ ಭರಣಿ ತುಂಬಿಸುವಾಗ ಗಾಳಿ ಉಳಿಯದಂತೆ ಒತ್ತುತ್ತೇವಲ್ಲ, ಹಾಗೆ. ಹೊರದೇಶದ ಕೆಲವರು ನೀರು ಚಿಮುಕಿಸಿ ಗಟ್ಟಿ ಮಾಡಲು ಹೇಳುತ್ತಾರೆ. ನಮ್ಮಲ್ಲಿ ಹಾಗೆ ಮಾಡಿದರೆ ವಾರದಲ್ಲಿ ಬೂಷ್ಟು.

ಬಿಟ್ಟ ಮೊದಲ ದಿನವೇ ಇಡೀ ಜಾಗ ಬುಡಮೇಲು ಮಾಡುತ್ತವೆ. ನೀವು ಇಟ್ಟ ಕೊಳವೆಯನ್ನು ಎರಡು ರಾತ್ರಿಯಲ್ಲಿ ಕಡಿದು ಮುಗಿಸಲೂಬಹುದು. ಬೇಸರ ಬೇಡ, ಕೊಳವೆ ಹೋದರೂ ಅದರ ದಾರಿ ಸುರಂಗವಾಗಿ ಉಳಿಯುತ್ತದೆ.

ಹಂಚು, ಕಲ್ಲು, ಗೆರಟೆ ಅಲಂಕಾರಕ್ಕೆ ಇಡಬಹುದೇ?

ಮಂಗಳೂರು ಹಂಚಿಗಿಂತ ಒಳ್ಳೆಯ ವಸ್ತು ಇಲ್ಲ. 19ನೇ ಶತಮಾನದಲ್ಲಿ ಬಾಸೆಲ್ ಮಿಷನ್ನಿನವರು ಇಲ್ಲಿ ಹಂಚಿನ ಕಾರ್ಖಾನೆ ಸುರು ಮಾಡಿದ ಮೇಲೆ ನಮ್ಮೂರ ಮಾಡುಗಳನ್ನು ತಂಪಾಗಿಟ್ಟದ್ದೇ ಆ ಮಣ್ಣು. ಜರ್ಬಿಲ್ ಸೆಕೆಗೆ ಅದರ ಮೇಲೆ ಹೊಟ್ಟೆ ಚಾಚಿ ಮಲಗುತ್ತದೆ, ಉಗುರೂ ಸವೆಯುತ್ತದೆ. ಪಾಚಿ ಉಜ್ಜಿ ತೊಳೆದು ಒಣಗಿಸಿ ಹಾಕಿ.

ಆದರೆ ಭಾರದ ವಸ್ತು ಯಾವುದೂ ಹಾಸಿನ ಮೇಲೆ ಕೂರಬಾರದು, ತೊಟ್ಟಿಯ ತಳಕ್ಕೇ ಕೂರಬೇಕು. ಮೊದಲ ವರ್ಷ ನಾನು ಮುರಕಲ್ಲಿನ ಒಂದು ತುಂಡನ್ನು ಚಂದಕ್ಕೆಂದು ಹಾಸಿನ ಮೇಲಿಟ್ಟೆ. ರಾತ್ರಿ ಅದರ ಅಡಿಯನ್ನು ತೋಡಿದವು, ಕಲ್ಲು ಕುಸಿಯಿತು. ಅದೃಷ್ಟಕ್ಕೆ ಬೆಲ್ಲ ಸುರಂಗದ ಇನ್ನೊಂದು ಬಾಯಿಯಿಂದ ಹೊರಗೆ ಬಂತು. ಬೆಳಿಗ್ಗೆ ಕಲ್ಲೆತ್ತಿದಾಗ ಅಡಿಯಲ್ಲಿ ಅದರ ಗೂಡು ಚಪ್ಪಟೆಯಾಗಿತ್ತು. ಈಗಲೂ ನೆನೆದರೆ ಕೈ ತಣ್ಣಗಾಗುತ್ತದೆ. ಈಗ ಹಂಚನ್ನು ನಾಲ್ಕು ಮರದ ಕಾಲುಗಳ ಮೇಲೆ ತಳದಿಂದಲೇ ನಿಲ್ಲಿಸಿದ್ದೇನೆ, ಚಕ್ರವೂ ಅದರ ಮೇಲೆಯೇ. ಚಕ್ರ ಕಂಬಿಯದ್ದಾಗಬಾರದು. ಬಾಲ, ಕಾಲು ಸಿಕ್ಕಿಕೊಳ್ಳದಂತೆ ಇಡಿಯ ತಳದ್ದು, 28 ಸೆಂಟಿಮೀಟರ್ ವ್ಯಾಸದ್ದು ಬೇಕು.

ಗೆರಟೆ ಹಗುರ, ಮೇಲೆಯೇ ಇಡಬಹುದು. ಅಡಿಕೆ ಹಾಳೆ ಕಡಿಯಲು ಬಹಳ ಇಷ್ಟ. ಒಂದೇ ಎಚ್ಚರ: ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ, ಅದರಲ್ಲಿ ಮೈಲುತುತ್ತ ಇರುತ್ತದೆ. ಹೊಡೆದ ತೋಟದ ಹಾಳೆ ಬೇಡ.

ಮಳೆಗಾಲದಲ್ಲಿ ಏನು ಮಾಡುವುದು?

ಇದನ್ನು ಮೊದಲೇ ಯೋಚಿಸದೆ ಜರ್ಬಿಲ್ ತರಬೇಡಿ ಎಂದೇ ನಾನು ಎಲ್ಲರಿಗೂ ಹೇಳುವುದು. ನಮ್ಮಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ನಾಲ್ಕು ತಿಂಗಳಲ್ಲಿ. ಆಗ ಗಾಳಿಯ ತೇವಾಂಶ ಶೇಕಡ 80–90. ಜರ್ಬಿಲ್‌ಗೆ ಶೇಕಡ 50ರ ಆಸುಪಾಸು ಹಿತ. ಅದಕ್ಕಿಂತ ಏರಿದರೆ ಕೂದಲು ಎಣ್ಣೆ ಹಚ್ಚಿದಂತೆ ಜಿಡ್ಡಾಗಿ ನೆಟ್ಟಗೆ ನಿಲ್ಲುತ್ತದೆ.

ತೇವಾಂಶ ತೋರಿಸುವ ಚಿಕ್ಕ ಡಿಜಿಟಲ್ ಮೀಟರ್ ಒಂದು ಕೊಳ್ಳಿ. ಅದು ಬರುವವರೆಗೆ ಹಪ್ಪಳದ ಪರೀಕ್ಷೆ ಮಾಡಿ: ಸುಟ್ಟ ಹಪ್ಪಳವನ್ನು ಆ ಕೋಣೆಯಲ್ಲಿ ತೆರೆದಿಟ್ಟು ಒಂದು ಗಂಟೆ ಬಿಟ್ಟು ಮುರಿಯಿರಿ. ಮುರಿಯದೆ ಬಾಗಿದರೆ ಆ ಕೋಣೆ ಜರ್ಬಿಲ್‌ಗೆ ಆಗದು.

ಕೋಣೆಯನ್ನು ಒಣಗಿಸಬೇಕೇ ಹೊರತು ತೊಟ್ಟಿಯನ್ನಲ್ಲ. ಚಿಕ್ಕ ಕೋಣೆಯ ಬಾಗಿಲು ಮುಚ್ಚಿ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಅಥವಾ ಎಸಿಯ ಡ್ರೈ ಮೋಡ್ ಬಳಸಿ. ಕರೆಂಟಿನ ಬಿಲ್ಲು ಏರುತ್ತದೆ, ನಿಜ. ಇದು ಆಗದವರಿಗೆ ನಮ್ಮ ಊರಿನಲ್ಲಿ ಜರ್ಬಿಲ್ ಸಾಕುವುದು ಬೇಡ ಎನ್ನುವುದು ನನ್ನ ಅಭಿಪ್ರಾಯ. ಕಟುವಾಯಿತು, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಕೂದಲಿನಲ್ಲಿ ಮುದುಡಿ ಕೂತ ಪ್ರಾಣಿಯನ್ನು ನೋಡಿದವರು ಹೀಗೆಯೇ ಹೇಳುತ್ತಾರೆ. ಸಿಲಿಕಾ ಜೆಲ್ ಪೊಟ್ಟಣವನ್ನು ತೊಟ್ಟಿಯೊಳಗೆ ಹಾಕಬೇಡಿ, ಕಡಿದುಬಿಡುತ್ತವೆ.

ತೊಟ್ಟಿಯನ್ನು ಹೊರಗೋಡೆಗೆ ತಾಗಿಸಬೇಡಿ, ಮುರಕಲ್ಲಿನ ಗೋಡೆ ಮಳೆಗಾಲದಲ್ಲಿ ಬೆವರುತ್ತದೆ. ನೆಲವೂ ಅಷ್ಟೇ. ಮೇಜಿನ ಮೇಲೆ, ಅಡಿಗೆ ಹಲಗೆ ಕೊಟ್ಟು ಇಡಿ. ವಾರಕ್ಕೊಮ್ಮೆ ತಳದವರೆಗೆ ಕೈ ಹಾಕಿ ಒಂದು ಮುಷ್ಟಿ ಹಾಸು ತೆಗೆದು ಮೂಸಿ. ಮುಗ್ಗಲು ವಾಸನೆ ಬಂದರೆ, ಹಿಂಡಿದಾಗ ಉಂಡೆ ಕಟ್ಟಿದರೆ ಆ ಭಾಗವನ್ನು ಅಂದೇ ತೆಗೆಯಿರಿ. ನಮ್ಮ ಮೊದಲ ಮಳೆಗಾಲದಲ್ಲಿ ಮೇಲ್ಭಾಗ ಒಣಗಿ ಚೆನ್ನಾಗಿ ಕಾಣುತ್ತಿತ್ತು, ತಳದಲ್ಲಿ ಬೈಹುಲ್ಲಿಗೆ ಬಿಳಿ ಬೂಷ್ಟು ಹಬ್ಬಿತ್ತು. ಜರ್ಬಿಲ್‌ಗಳು ಗೂಡು ಬಿಟ್ಟು ಮೇಲೆ ಹಂಚಿನ ಮೇಲೆಯೇ ಮಲಗತೊಡಗಿದಾಗ ನಮಗೆ ಗೊತ್ತಾಯಿತು. ಬಿಲದಲ್ಲಿ ಮಲಗುವ ಪ್ರಾಣಿ ಮೇಲೆ ಮಲಗಿದರೆ ಕೆಳಗೆ ಏನೋ ಸರಿ ಇಲ್ಲ ಎಂದೇ ಅರ್ಥ.

ಇನ್ನೊಂದು: ನಾಲ್ಕು ತಿಂಗಳಿಗೆ ಬೇಕಾದ ಹುಲ್ಲು, ಕಾಗದ, ಹೊಯ್ಗೆ ಎಲ್ಲವನ್ನೂ ಪತ್ತನಾಜೆಯ ಒಳಗೆ, ಅಂದರೆ ಮೇ ಕೊನೆಯ ವಾರಕ್ಕೆ ಮೊದಲು, ಒಣಗಿಸಿ ಬಿಗಿ ಮುಚ್ಚಳದ ಡ್ರಮ್ಮಿಗೆ ತುಂಬಿಸಿಡಿ. ಹಪ್ಪಳ, ಸಂಡಿಗೆ, ಕಟ್ಟಿಗೆ ಒಳಗೆ ಹಾಕುವ ದಿನವೇ ನಮ್ಮ ಮನೆಯಲ್ಲಿ ಅದೂ ಒಳಗೆ ಹೋಗುತ್ತದೆ.

ಏಪ್ರಿಲ್, ಮೇ ಸೆಕೆಗೆ?

18ರಿಂದ 24 ಡಿಗ್ರಿ ಹಿತ. 30 ದಾಟಿ ತೇವವೂ ಸೇರಿದರೆ ಅಪಾಯ. ಆಳದ ಹಾಸು ಇದ್ದರೆ ತಳ ಸ್ವಲ್ಪ ತಂಪಾಗಿರುತ್ತದೆ, ಅದೇ ಬಿಲದ ಉಪಕಾರ. ಕಿಟಕಿಯ ಬಿಸಿಲು ಗಾಜಿಗೆ ಬೀಳಬಾರದು. ಕರೆಂಟು ಹೋದರೆ ಫ್ರಿಜ್‌ನಲ್ಲಿಟ್ಟ ಹಂಚನ್ನು ಒರೆಸಿ ಒಳಗಿಡಿ.

ಮೂಗಿನ ಸುತ್ತ ಕೆಂಪಾಗಿದೆ. ರಕ್ತವೇ?

ಹೆಚ್ಚಾಗಿ ಅಲ್ಲ. ಕಣ್ಣಿನ ಹಿಂದಿನ ಹಾರ್ಡೇರಿಯನ್ ಗ್ರಂಥಿಯಿಂದ ಬರುವ ಕೆಂಪು ಬಣ್ಣದ ಸ್ರಾವ ಅದು. ತೇವ ಹೆಚ್ಚಿದಾಗ, ಹೊಯ್ಗೆಸ್ನಾನ ಇಲ್ಲದಾಗ, ಒತ್ತಡ ಇದ್ದಾಗ ಅದು ಮೂಗಿನ ಸುತ್ತ ಕಟ್ಟಿ ಚರ್ಮ ಸುಡುತ್ತದೆ, ಕೂದಲು ಉದುರುತ್ತದೆ, ಮೇಲೆ ಸೋಂಕು ತಗಲುತ್ತದೆ. ಒರಟು ಹಾಸಿನಲ್ಲಿ ಮೂಗು ತೂರಿಸಿಯೂ ಗಾಯ ಆಗುವುದುಂಟು. ಹಾಸು ಬದಲಿಸಿ, ತೇವ ಇಳಿಸಿ, ಹುಣ್ಣಾಗಿದ್ದರೆ ಪಶುವೈದ್ಯರಿಗೆ ತೋರಿಸಿ. ಅರಿಶಿನ, ಎಣ್ಣೆ ಹಚ್ಚಬೇಡಿ. ನೆಕ್ಕಿಕೊಳ್ಳುತ್ತವೆ, ಕೂದಲು ಇನ್ನೂ ಜಿಡ್ಡಾಗುತ್ತದೆ.

ಇರುವೆ, ಸೊಳ್ಳೆಗೆ ಏನು ಮಾಡುತ್ತೀರಿ?

ಅಜ್ಜಿಯ ಕಾಲದ ಉಪಾಯವೇ: ಮೇಜಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು. ಎರಡು ದಿನಕ್ಕೊಮ್ಮೆ ಆ ನೀರು ಚೆಲ್ಲಿ ಹೊಸತು ಹಾಕಿ, ಇಲ್ಲದಿದ್ದರೆ ಡೆಂಗಿ ಸೊಳ್ಳೆಗೆ ನಾವೇ ತೊಟ್ಟಿಲು ಕಟ್ಟಿದಂತೆ. ಇರುವೆ ಚಾಕ್, ನುಸಿಗುಳಿಗೆ, ಸೊಳ್ಳೆ ಬತ್ತಿ, ಪ್ಲಗ್ಗಿಗೆ ಹಾಕುವ ದ್ರವ ಯಾವುದೂ ಆ ಕೋಣೆಯಲ್ಲಿ ಬೇಡ. ಕಿಟಕಿಗೆ ಸೊಳ್ಳೆಪರದೆ ಹೊಡೆಸಿ. ಸಾಂಬ್ರಾಣಿ ಹೊಗೆಯೂ ದೂರ ಇರಲಿ.

ಹಾಸನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು?

ಪೂರ್ತಿ ಬದಲಿಸಲೇಬೇಡಿ. ಒಣನಾಡಿನ ಪ್ರಾಣಿ, ಮೂತ್ರ ಬಹಳ ಕಡಿಮೆ, ವಾಸನೆಯೂ ಹೆಚ್ಚಿಲ್ಲ. ಒಣ ತಿಂಗಳುಗಳಲ್ಲಿ ಆರೇಳು ವಾರಕ್ಕೊಮ್ಮೆ ಮೂರನೇ ಒಂದು ಭಾಗ ತೆಗೆದು ಹೊಸತು ಹಾಕಿ. ಗೂಡಿನ ಹಾಸು ಚೆನ್ನಾಗಿದ್ದರೆ ಒಂದು ಮುಷ್ಟಿ ಉಳಿಸಿ. ಅವು ತಮ್ಮ ಮನೆಯನ್ನು, ತಮ್ಮವರನ್ನು ಗುರುತಿಸುವುದು ವಾಸನೆಯಿಂದ. ಇಡೀ ಮನೆ ಒಂದೇ ದಿನ ತೊಳೆದರೆ ಗಲಿಬಿಲಿಗೊಂಡು ತಮ್ಮತಮ್ಮಲ್ಲೇ ಜಗಳ ಆಡುವುದೂ ಉಂಟು. ಮಳೆಗಾಲದಲ್ಲಿ ಮಾತ್ರ ದಿನದ ಲೆಕ್ಕ ಬಿಟ್ಟು ಮೂಗನ್ನೇ ನಂಬಿ.

ಕಾಳು ಎಲ್ಲಿ ಹಾಕುವುದು, ನೀರು ಎಲ್ಲಿ ಇಡುವುದು?

ನವಣೆ, ಸಾಮೆ, ರಾಗಿ, ಓಟ್ಸ್ ಬೆರೆಸಿ ಹಾಸಿನ ಮೇಲೆ ಚೆಲ್ಲಿ. ಹುಡುಕಿ ಹೆಕ್ಕಿ ಕಣಜಕ್ಕೆ ಸಾಗಿಸುವುದೇ ಅವುಗಳ ದಿನದ ಕೆಲಸ. ಸೂರ್ಯಕಾಂತಿ ಬೀಜ ಒಂದೆರಡು ಸಾಕು, ಅದರಲ್ಲಿ ಎಣ್ಣೆ ಹೆಚ್ಚು. ಅನ್ನ, ಹಣ್ಣಿನ ತುಂಡನ್ನು ಬಿಲಕ್ಕೆ ಒಯ್ದು ಮರೆತರೆ ಅಲ್ಲೇ ಕೊಳೆಯುತ್ತದೆ, ಹಾಗಾಗಿ ಹಸಿ ತರಕಾರಿಯನ್ನು ಉಗುರಿನಷ್ಟು ಕೊಟ್ಟು ಕಣ್ಣೆದುರೇ ತಿನ್ನಿಸಿ.

ನೀರು ಬಟ್ಟಲಿನಲ್ಲಿಟ್ಟರೆ ಹೂತುಹಾಕುತ್ತವೆ. ಬಾಟಲಿ ನೇತುಹಾಕಿ. ಬಾಟಲಿಯ ತುದಿಗೆ ಹಾಸು ತಾಗಿದರೆ ರಾತ್ರಿಯಲ್ಲಿ ಇಡೀ ನೀರು ಇಳಿದುಹೋಗುತ್ತದೆ, ದಿನವೂ ನೋಡಿ.

ಒಂದೇ ಒಂದನ್ನು ಸಾಕಬಹುದೇ?

ಬೇಡ. ಒಂದೇ ಲಿಂಗದ, ಒಂದೇ ಸೂಲಿನ ಎರಡು ತನ್ನಿ. ಗಂಡು ಹೆಣ್ಣು ತಂದರೆ 25 ದಿನಕ್ಕೊಮ್ಮೆ ಮರಿ. ಅಪರಿಚಿತ ಎರಡನ್ನು ನೇರ ಒಟ್ಟಿಗೆ ಬಿಟ್ಟರೆ ಸಾಯುವಂತೆ ಕಚ್ಚಾಡುತ್ತವೆ. ಹ್ಯಾಮ್‌ಸ್ಟರ್ ಜೊತೆ ಬಿಡುವ ಯೋಚನೆಯೇ ಬೇಡ. ಬಾಲ ಹಿಡಿದು ಎತ್ತಬೇಡಿ, ಚರ್ಮ ಸುಲಿದು ಬರುತ್ತದೆ. ಎರಡೂ ಅಂಗೈ ಸೇರಿಸಿ ಬೊಗಸೆಯಲ್ಲಿ ಎತ್ತಿ.

ಬಿಲದೊಳಗೇ ಇದ್ದರೆ ನಮಗೆ ಕಾಣುವುದು ಹೇಗೆ? ಮಕ್ಕಳಿಗೆ ಬೇಸರ.

ಗೂಡನ್ನು ಗಾಜಿಗೆ ತಾಗಿಸಿ ಇಟ್ಟು, ಹೊರಗಿನಿಂದ ಕಪ್ಪು ಕಾಗದ ಅಂಟಿಸಿ. ಮೆಲ್ಲ ಕಾಗದ ಎತ್ತಿ ಅರೆಗಳಿಗೆ ನೋಡಿ ಮತ್ತೆ ಮುಚ್ಚಬಹುದು. ಹೊರಗೆ ಬರುವವರೆಗೆ ಕಾಯುವುದು ಮಕ್ಕಳಿಗೆ ಬೇಗ ಅಭ್ಯಾಸವಾಗುತ್ತದೆ. ನಮ್ಮ ಮಗಳು ಸಂಜೆ ಆರಕ್ಕೆ ತೊಟ್ಟಿಯ ಮುಂದೆ ಸ್ಟೂಲ್ ಹಾಕಿ ಕೂರುತ್ತಾಳೆ. ಯಾವ ಬಾಯಿಯಿಂದ ಯಾವುದು ಹೊರಬರುತ್ತದೆ ಎಂದು ಚಿತ್ರ ಬರೆದು ಗುರುತು ಹಾಕುತ್ತಾಳೆ. ಮಲಗಿದ್ದನ್ನು ತೋರಿಸಲು ಬಿಲ ಒಡೆಯುವುದು ಮಾತ್ರ ಯಾವ ನೆಂಟರಿಗಾಗಿಯೂ ಬೇಡ.

ರಾತ್ರಿ ದಡದಡ ಕಾಲು ಕುಟ್ಟುತ್ತದೆ. ಯಾಕೆ?

ಅಪಾಯ ಇದೆ ಎಂದು ಜೊತೆಯದಕ್ಕೆ ಹೇಳುವುದು ಹಾಗೆ, ಹಿಂಗಾಲಿನಿಂದ ನೆಲ ಬಡಿದು. ಜರ್ಬಿಲ್ ಕಿವಿಗೆ ತಗ್ಗಿನ ಸದ್ದು ಚೆನ್ನಾಗಿ ಕೇಳುತ್ತದೆ, ಕಂಪನವೂ ತಿಳಿಯುತ್ತದೆ. ಪಕ್ಕದ ಗದ್ದೆಯಲ್ಲಿ ಯಕ್ಷಗಾನ ಇದ್ದ ರಾತ್ರಿ ಚೆಂಡೆ ಸುರುವಾದದ್ದೇ ನಮ್ಮ ಎರಡೂ ಕುಟ್ಟಿ ಬಿಲಕ್ಕೆ ಇಳಿದವು, ಬೆಳಗಿನವರೆಗೆ ಮೇಲೆ ಬರಲಿಲ್ಲ. ದೀಪಾವಳಿಗೂ ಹಾಗೆಯೇ. ಇಳಿಯಲು ಆಳ ಇದ್ದರೆ ಅವೇ ನಿಭಾಯಿಸಿಕೊಳ್ಳುತ್ತವೆ, ಎತ್ತಿ ಸಮಾಧಾನ ಮಾಡಲು ಹೋಗಬೇಡಿ.

ವಯಸ್ಸಾದ ಜರ್ಬಿಲ್‌ಗೂ ಇಷ್ಟೇ ಆಳ ಬೇಕೇ?

ಮೂರು ವರ್ಷ ದಾಟಿದ ಮೇಲೆ ತೋಡುವುದು ಕಡಿಮೆಯಾಗುತ್ತದೆ, ಹಿಂಗಾಲು ಸೋಲುತ್ತದೆ. ಆಳ ಹಾಗೆಯೇ ಇರಲಿ, ದಾರಿ ಸುಲಭ ಮಾಡಿ. ಬೆಲ್ಲನಿಗೆ ಕೊನೆಯ ಚಳಿಗಾಲದಲ್ಲಿ ಗೂಡನ್ನು ತಳದಿಂದ ಎತ್ತಿ ಮೇಲಿನಿಂದ ಒಂದು ಗೇಣು ಕೆಳಗೆ, ಮರದ ಕಾಲುಗಳ ಮೇಲೆ ಕೂರಿಸಿದೆವು. ಸುರಂಗವನ್ನು ಅಗಲ ಮಾಡಿ ಇಳಿಜಾರು ಕಡಿಮೆ ಇಟ್ಟೆವು. ಅದರ ಜೊತೆಯದು, ಹೆಸರು ಕಾಳು, ದಿನವೂ ಆ ದಾರಿಗೆ ಬಿದ್ದ ಹಾಸನ್ನು ಎಳೆದು ತೆರವು ಮಾಡುತ್ತಿತ್ತು. ಬೆಲ್ಲ ಅದರ ಹಿಂದೆ ನಿಧಾನ ಇಳಿದು ಹೋಗುತ್ತಿತ್ತು.